ನೀರು ಕೊಟ್ಟ ಊರಿಗೇ ನೀರಿಲ್ಲ: ಕೆನಡಾದ ಶೋಲ್ ಲೇಕ್ 40ರ ಪ್ರಕರಣ

ಕೆನಡಾದ ವಿನಿಪೆಗ್ ನಗರದಲ್ಲಿ ಯಾರ ಮನೆಯ ನಲ್ಲಿ ತಿರುಗಿಸಿದರೂ ಬರುವುದು ಒಂದೇ ಸರೋವರದ ನೀರು. ಅದರ ಹೆಸರು ಶೋಲ್ ಲೇಕ್. ನಗರದಿಂದ ಪೂರ್ವಕ್ಕೆ, ಮ್ಯಾನಿಟೋಬಾ ಮತ್ತು ಒಂಟಾರಿಯೊ ಪ್ರಾಂತ್ಯಗಳ ಗಡಿಯಲ್ಲಿದೆ. ಅಲ್ಲಿಂದ ಸುಮಾರು 155 ಕಿ.ಮೀ. ಉದ್ದದ ಕಾಂಕ್ರೀಟ್ ಕೊಳವೆಯಲ್ಲಿ ನೀರು ಬರುತ್ತದೆ. ಸರೋವರ ಎತ್ತರದಲ್ಲಿದೆ, ನಗರ ತಗ್ಗಿನಲ್ಲಿದೆ. ಹಾಗಾಗಿ ದಾರಿಯುದ್ದಕ್ಕೂ ಪಂಪ್ ಹಾಕಿ ಎಳೆಯಬೇಕಿಲ್ಲ, ಇಳಿಜಾರಿಗೆ ತಾನೇ ಹರಿದು ಬರುತ್ತದೆ. 1919ರಿಂದ ಹೀಗೇ ಬರುತ್ತಿದೆ.

ಆ ಸರೋವರದ ದಡದಲ್ಲೇ ಒಂದು ಪುಟ್ಟ ಊರಿದೆ. ಅನಿಶಿನಾಬೆ ಮೂಲನಿವಾಸಿಗಳ ಊರು. ಸರ್ಕಾರಿ ದಾಖಲೆಯಲ್ಲಿ ಅದರ ಹೆಸರು ಶೋಲ್ ಲೇಕ್ 40 ಫಸ್ಟ್ ನೇಷನ್. ಊರಲ್ಲಿ ಇರುವವರು ಸುಮಾರು 300 ಜನ. 1997ರಿಂದ 2021ರವರೆಗೆ ಈ ಊರಿನಲ್ಲಿ ನಲ್ಲಿ ನೀರನ್ನು ಕುದಿಸದೆ ಕುಡಿಯುವ ಹಾಗಿರಲಿಲ್ಲ. 24 ವರ್ಷ! ಒಂದು ಮಗು ಹುಟ್ಟಿ, ಬೆಳೆದು, ಮದುವೆಯಾಗಿ, ತನ್ನ ಮಗುವಿಗೂ ಬಾಟಲಿ ನೀರನ್ನೇ ಕುಡಿಸುವಷ್ಟು ಕಾಲ. ಅದೇ ಸರೋವರದ ನೀರನ್ನು ನಗರದ ಲಕ್ಷಾಂತರ ಜನ ನಿಶ್ಚಿಂತೆಯಿಂದ ಕುಡಿಯುತ್ತಿದ್ದರು.

ಕೆನಡಾ ಅಂದರೆ ನಮ್ಮಲ್ಲಿ ವೀಸಾ, ಪಿಆರ್, ಕಾಲೇಜು ಫೀಸು, ಚಳಿ, ಜಾಸ್ತಿಯೆಂದರೆ ಟ್ರೂಡೊ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ದೇಶದ ರಾಜಕೀಯ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ಈ ಒಂದು ಊರಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿದು ನೋಡಬೇಕು. ಈ ಊರು ದೂರದಲ್ಲಿದೆ, ಅದಕ್ಕೇ ಸೌಲಭ್ಯ ಕೊಡಲು ಕಷ್ಟ ಎಂದು ಸರ್ಕಾರಗಳು ದಶಕಗಳ ಕಾಲ ಹೇಳಿದವು. ಆದರೆ ಆ ದೂರವನ್ನು ಮಾಡಿದ್ದು ಯಾರು? ನಾನು ಹೇಳಲು ಹೊರಟಿರುವುದು ಅಷ್ಟನ್ನೇ.

ನಗರಕ್ಕೆ ನೀರು ಬೇಕಾಗಿತ್ತು, ನಿಜಕ್ಕೂ ಬೇಕಾಗಿತ್ತು

ಮೊದಲು ನಗರದ ಕಡೆಯ ಮಾತು ಕೇಳೋಣ. 1900ರ ಆಸುಪಾಸಿನಲ್ಲಿ ವಿನಿಪೆಗ್ ಭರ್ರೆಂದು ಬೆಳೆಯುತ್ತಿತ್ತು. ಗೋಧಿ ವ್ಯಾಪಾರ, ರೈಲು, ಯೂರೋಪಿನಿಂದ ಹಡಗು ಹತ್ತಿ ಬಂದ ಕೂಲಿ ಕುಟುಂಬಗಳು. ನಾರ್ತ್ ಎಂಡ್ ಎಂಬ ಬಡವರ ಬಡಾವಣೆಯಲ್ಲಿ ಒಂದೊಂದು ಮನೆಯಲ್ಲಿ ಎರಡು ಮೂರು ಸಂಸಾರ. ಎಷ್ಟೋ ಮನೆಗಳಿಗೆ ನೀರಿನ ಸಂಪರ್ಕವೂ ಇಲ್ಲ, ಒಳಚರಂಡಿಯೂ ಇಲ್ಲ. 1904–05ರಲ್ಲಿ ಟೈಫಾಯ್ಡ್ ಜೋರಾಗಿ ಹಬ್ಬಿತು. ಸತ್ತವರಲ್ಲಿ ಬಡವರೇ ಜಾಸ್ತಿ. ನಗರದ ಬಾವಿ ನೀರು ಗಡಸು. ಕಾರ್ಖಾನೆಗಳ ಬಾಯ್ಲರ್‌ಗಳನ್ನೂ ಹಾಳು ಮಾಡುತ್ತಿತ್ತು. ಹೀಗಾಗಿ ಬಡವರ ಜೀವದ ಪ್ರಶ್ನೆಯೂ ಸಾಹುಕಾರರ ಲಾಭದ ಪ್ರಶ್ನೆಯೂ ಒಂದೇ ಕಡೆ ಬಂದು ಸೇರಿದವು. ಒಳ್ಳೆಯ ನೀರು ತರಲೇಬೇಕು ಎಂದು ಎಲ್ಲರೂ ಒಪ್ಪಿದರು.

ಥಾಮಸ್ ಡೀಕನ್ ಎಂಬ ಎಂಜಿನಿಯರ್ ಶೋಲ್ ಲೇಕ್ ಯೋಜನೆಯನ್ನೇ ಮುಂದಿಟ್ಟುಕೊಂಡು ಮೇಯರ್ ಆದರು. 1913ರಲ್ಲಿ ನೀರು ಸರಬರಾಜಿಗೆಂದೇ ಒಂದು ಸಾರ್ವಜನಿಕ ಸಂಸ್ಥೆ ಹುಟ್ಟಿತು. ಅದೇ ವರ್ಷ ಆಸ್ತಿ ತೆರಿಗೆ ಕಟ್ಟುವವರು ಮತ ಹಾಕಿ ಯೋಜನೆಗೆ ಭಾರೀ ಬಹುಮತ ಕೊಟ್ಟರು. ಶೋಲ್ ಲೇಕ್ ನೀರು ಅಮೆರಿಕದ ಗಡಿಯಲ್ಲಿರುವ ಲೇಕ್ ಆಫ್ ದಿ ವುಡ್ಸ್ ಸರೋವರಕ್ಕೆ ಸೇರುತ್ತದೆ. ಹಾಗಾಗಿ ಎರಡೂ ದೇಶಗಳ ಜಂಟಿ ಆಯೋಗದ ಒಪ್ಪಿಗೆ ಬೇಕಿತ್ತು. 1914ರ ಜನವರಿಯಲ್ಲಿ ಅದೂ ಸಿಕ್ಕಿತು. ದಿನಕ್ಕೆ 10 ಕೋಟಿ ಗ್ಯಾಲನ್‌ವರೆಗೆ ನೀರು ಎತ್ತಬಹುದು ಎಂದು ಆಯೋಗ ಹೇಳಿತು.

ಕೆಲಸಕ್ಕೆ ಸಿಮೆಂಟು, ಜಲ್ಲಿ, ಜನ ಸಾಗಿಸಬೇಕಲ್ಲ? ಅದಕ್ಕಾಗಿ ನೀರಿನ ಸಂಸ್ಥೆಯೇ ಕಾಡು, ಜೌಗು ಎಲ್ಲವನ್ನೂ ದಾಟಿಸಿ ಸರೋವರದವರೆಗೆ ಒಂದು ರೈಲು ಹಳಿ ಹಾಕಿತು. ಜೌಗು ನೆಲದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಜಾಗ ಅದು. ಅಂಥ ಕಡೆ ನೂರಕ್ಕೂ ಹೆಚ್ಚು ಕಿ.ಮೀ. ರೈಲು, ಒಂದು ಶತಮಾನದ ಹಿಂದೆ! ಈ ರೈಲು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಕಂದು ನೀರನ್ನು ಯಾರ ಕಡೆ ತಿರುಗಿಸುವುದು?

ಶೋಲ್ ಲೇಕ್‌ನ ಪಶ್ಚಿಮದ ತುದಿಯಲ್ಲಿ ಇಂಡಿಯನ್ ಬೇ ಎಂಬ ಕೊಲ್ಲಿ ಇದೆ. ಕೊಳವೆಯ ಬಾಯಿ ಅಲ್ಲಿಯೇ. ಆದರೆ ಅದೇ ಕೊಲ್ಲಿಗೆ ಫಾಲ್ಕನ್ ಎಂಬ ನದಿ ಬಂದು ಸೇರುತ್ತಿತ್ತು. ಫಾಲ್ಕನ್ ಜೌಗು ನೆಲದಲ್ಲಿ ಹರಿದು ಬರುವ ನದಿ. ಕೊಳೆತ ಎಲೆ, ಪಾಚಿ, ಬೇರು ಎಲ್ಲದರ ಬಣ್ಣ ಹೀರಿಕೊಂಡು ಅದರ ನೀರು ಕಡು ಕಂದಾಗಿರುತ್ತದೆ, ಹಾಲು ಹಾಕದ ಚಹಾದ ಹಾಗೆ. ನಗರಕ್ಕೆ ಬೇಕಿದ್ದು ತಿಳಿನೀರು. ಈ ಕಂದು ನೀರನ್ನು ಏನು ಮಾಡುವುದು?

ಎಂಜಿನಿಯರ್‌ಗಳು ಎರಡು ಕೆಲಸ ಮಾಡಿದರು. ಕೊಲ್ಲಿಯಲ್ಲಿ ಒಂದು ಒಡ್ಡು ಕಟ್ಟಿ ಕಂದು ನೀರನ್ನು ತಡೆದರು. ಆಮೇಲೆ ನೆಲ ಸೀಳಿ ಒಂದು ಕಾಲುವೆ ತೋಡಿ ಆ ನೀರನ್ನು ಪಕ್ಕದ ಸ್ನೋಶೂ ಕೊಲ್ಲಿಗೆ ತಿರುಗಿಸಿದರು. ಕೊಳವೆಯ ಬಾಯಿಗೆ ತಿಳಿನೀರು ಉಳಿಯಿತು. ಕಂದು ನೀರು ಮೂಲನಿವಾಸಿಗಳ ಕಡೆಗೆ ಹೋಯಿತು.

ಕಾಲುವೆ ತೋಡಿದ್ದು ಎಲ್ಲಿ ಅಂತ ನಕಾಶೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಊರು ಇದ್ದದ್ದು ಒಂದು ಭೂಶಿರದ ಮೇಲೆ. ಮೂರು ಕಡೆ ನೀರು, ಒಂದು ಕಡೆ ನೆಲ. ಕಾಲುವೆ ಹೋದದ್ದು ಸರಿಯಾಗಿ ಆ ನೆಲದ ಕತ್ತನ್ನು ಸೀಳಿಕೊಂಡು. ಅಲ್ಲಿಗೆ ನಾಲ್ಕೂ ಕಡೆ ನೀರಾಯಿತು. ಊರು ದ್ವೀಪವಾಯಿತು. ಪೂರ್ವಿಕರನ್ನು ಹೂತಿದ್ದ ಜಾಗವೂ ಅಗೆತಕ್ಕೆ ಸಿಕ್ಕಿತು.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಮಳೆ ಬಂದು ಕೊಚ್ಚಿಹೋದದ್ದಲ್ಲ, ಭೂಕಂಪ ಆದದ್ದಲ್ಲ. ನಕ್ಷೆ ಬರೆದು, ಅಳತೆ ಮಾಡಿ, ಕೂಲಿ ಕೊಟ್ಟು ತೋಡಿಸಿದ ಕಾಲುವೆ. ಆ ದ್ವೀಪಕ್ಕೆ ಎಂಜಿನಿಯರಿಂಗ್ ಡ್ರಾಯಿಂಗ್ ಇದೆ.

ಜಾಗ ಯಾರದ್ದು? 1873ರಲ್ಲಿ ಈ ಭಾಗದ ಅನಿಶಿನಾಬೆ ಮುಖಂಡರು ಬ್ರಿಟಿಷ್ ರಾಣಿಯ ಪ್ರತಿನಿಧಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅದಕ್ಕೆ ಮೂರನೇ ಒಪ್ಪಂದ ಎಂದು ಹೆಸರು. ಅದರ ಪ್ರಕಾರ ಅವರಿಗೆಂದೇ ಮೀಸಲಿಟ್ಟ ಜಾಗ ಇದು. ಆದರೆ ಮೂಲನಿವಾಸಿಗಳ ಬಗ್ಗೆ ಕೆನಡಾ ಮಾಡಿದ್ದ ಇಂಡಿಯನ್ ಆ್ಯಕ್ಟ್ ಎಂಬ ಕಾನೂನಿಗೆ 1911ರಲ್ಲಿ ಒಂದು ತಿದ್ದುಪಡಿ ತಂದಿದ್ದರು. ಸಾರ್ವಜನಿಕ ಕಾಮಗಾರಿಗೆ ಬೇಕಾದರೆ ಮೀಸಲು ಜಾಗವನ್ನು ಅಲ್ಲಿನವರ ಒಪ್ಪಿಗೆ ಇಲ್ಲದೆಯೇ ತೆಗೆದುಕೊಳ್ಳಬಹುದು ಎಂಬ ತಿದ್ದುಪಡಿ. 1915ರಲ್ಲಿ ಅದೇ ದಾರಿಯಲ್ಲಿ ಸುಮಾರು 3,000 ಎಕರೆ ನಗರದ ನೀರಿನ ಸಂಸ್ಥೆಗೆ ಹೋಯಿತು. ಕೊಟ್ಟದ್ದು ಕೆನಡಾದ ರಾಜಧಾನಿ ಒಟ್ಟಾವದ, ಅಂದರೆ ಒಕ್ಕೂಟ ಸರ್ಕಾರದ ಇಲಾಖೆ. ಊರಿನವರ ಒಪ್ಪಿಗೆ ಬೇಕಾಗಲಿಲ್ಲ.

ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. 1927ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಭೂಮಿಯ ಹಕ್ಕಿಗಾಗಿ ಮೂಲನಿವಾಸಿಗಳು ವಕೀಲರಿಗೆ ಫೀಸು ಕೊಡಲು ಇಲಾಖೆಯ ಅನುಮತಿಯಿಲ್ಲದೆ ಚಂದಾ ಎತ್ತುವುದೇ ಅಪರಾಧ ಎಂದಿತು. ಅದು 1951ರವರೆಗೆ ಜಾರಿಯಲ್ಲಿತ್ತು. ಮೂಲನಿವಾಸಿ ಎಂಬ ಕಾನೂನು ಸ್ಥಾನಮಾನ ಬಿಟ್ಟುಕೊಡದೆಯೇ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಇವರೆಲ್ಲರಿಗೂ ಸಿಕ್ಕಿದ್ದು 1960ರಲ್ಲಿ. ಬಾಯಿಗೆ ಬಟ್ಟೆ ತುರುಕಿ, ನೀನ್ಯಾಕೆ ಕೂಗಲಿಲ್ಲ ಅಂತ ಕೇಳಿದ ಹಾಗಾಗುತ್ತದೆ.

1919: ಒಂದೇ ವರ್ಷದ ಎರಡು ಘಟನೆಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಗತಿಪರ ರಾಜಕೀಯವನ್ನು ನಂಬುವವರಿಗೆ ಈ ಭಾಗ ನುಂಗಲು ಕಷ್ಟ. ನನಗೂ ಕಷ್ಟವೇ.

ಶೋಲ್ ಲೇಕ್ ನೀರು ವಿನಿಪೆಗ್ ತಲುಪಿದ 1919ರಲ್ಲೇ ಆ ನಗರದಲ್ಲಿ ಕೆನಡಾದ ಅತಿ ಹೆಸರಾಂತ ಕಾರ್ಮಿಕ ಮುಷ್ಕರ ನಡೆಯಿತು. ಮೇ 15ರಿಂದ ಜೂನ್ 26ರವರೆಗೆ. ಸುಮಾರು 30,000 ಕೆಲಸಗಾರರು ಕೆಲಸ ನಿಲ್ಲಿಸಿದರು. ಮುಷ್ಕರ ಸಮಿತಿ ಒಂದು ಮಾನವೀಯ ತೀರ್ಮಾನ ಮಾಡಿತ್ತು. ನೀರನ್ನು ಪೂರ್ತಿ ನಿಲ್ಲಿಸಬಾರದು, ಆದರೆ ಒತ್ತಡ ಕಡಿಮೆ ಇಡಬೇಕು. ಒಂದು ಮಹಡಿಯ ಮನೆಗಳಿಗೆ, ಅಂದರೆ ಕೆಲಸಗಾರರ ಮನೆಗಳಿಗೆ, ನೀರು ಏರುವಷ್ಟು ಒತ್ತಡ ಸಾಕು. ನೀರಿನ ಒತ್ತಡದಲ್ಲೂ ಬಡವ ಬಲ್ಲಿದ ಎಂಬ ಲೆಕ್ಕ ಇದೆ ಅಂತ ಅವರಿಗೆ ಗೊತ್ತಿತ್ತು. ಆದರೆ ಆ ನೀರು ಯಾರ ಊರನ್ನು ಸೀಳಿ ಬರುತ್ತಿದೆ ಎಂಬ ಪ್ರಶ್ನೆ ಆ ಹೋರಾಟದ ಬೇಡಿಕೆಗಳಲ್ಲಿ ಇರಲಿಲ್ಲ.

ಆ ಮುಷ್ಕರದಲ್ಲಿ ಬಂಧನಕ್ಕೊಳಗಾದವರಲ್ಲಿ ಜೆ.ಎಸ್. ವುಡ್ಸ್‌ವರ್ತ್ ಒಬ್ಬರು. ಅದಕ್ಕೂ ಮೊದಲು ನಾರ್ತ್ ಎಂಡ್‌ನ ಬಡವರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಪಾದ್ರಿ. ಮುಂದೆ ಸಂಸತ್ತಿಗೆ ಹೋದರು. 1932ರಲ್ಲಿ ಹುಟ್ಟಿದ ಸಿಸಿಎಫ್ ಎಂಬ ಎಡ ಪಕ್ಷದ ಮೊದಲ ನಾಯಕರಾದರು. ಇವತ್ತಿನ ಎನ್‌ಡಿಪಿ ಪಕ್ಷದ ಬೇರು ಅಲ್ಲಿದೆ. ಕೆನಡಾದ ಎಡ ರಾಜಕೀಯ ಹುಟ್ಟಿ ಬೆಳೆದ ಊರುಗಳಲ್ಲಿ ವಿನಿಪೆಗ್ ಮುಖ್ಯವಾದದ್ದು. ಆ ಕೊಳವೆಯೂ ಖಾಸಗಿ ಕಂಪನಿಯದಲ್ಲ, ಜನರ ದುಡ್ಡಿನಲ್ಲಿ ಕಟ್ಟಿದ ಸಾರ್ವಜನಿಕ ಆಸ್ತಿ. ಟೈಫಾಯ್ಡ್‌ನಿಂದ ಬಡವರ ಮಕ್ಕಳನ್ನು ಉಳಿಸಿದ ಕೆಲಸ.

ಇದೆಲ್ಲವೂ ನಿಜ. ಹಾಗಿದ್ದೂ ದೀಪದ ಬುಡದಲ್ಲಿ ಕತ್ತಲೆ ಇತ್ತು. ‘ಸಾರ್ವಜನಿಕರು’ ಅಂದಾಗ ಯಾರು ಆ ಮಾತಿನೊಳಗೆ ಬರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಎಂದು ಆಗ ಕೇಳಿದವರು ಕಡಿಮೆ. ಬಲಪಂಥದವರನ್ನು ಬೈದು ಕೈತೊಳೆದುಕೊಳ್ಳುವಷ್ಟು ಸುಲಭದ ಪ್ರಕರಣ ಇದಲ್ಲ.

ದ್ವೀಪದ ಬದುಕು

ರಸ್ತೆ ಬರುವ ಮೊದಲಿನ ಮಾತು ಇದು. ಬೇಸಿಗೆಯಲ್ಲಿ ಒಂದು ಬಾರ್ಜ್, ಅಂದರೆ ಚಪ್ಪಟೆ ತಳದ ದೋಣಿ. ಕಾರು, ಸಾಮಾನು, ಜನ ಎಲ್ಲ ಅದರಲ್ಲೇ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ. ಆಗ ಅದರ ಮೇಲೆಯೇ ದಾರಿ. ಇವೆರಡೂ ಪರವಾಗಿಲ್ಲ. ಕಷ್ಟ ಇರುವುದು ನಡುವಿನ ದಿನಗಳಲ್ಲಿ. ನವೆಂಬರ್–ಡಿಸೆಂಬರ್‌ನಲ್ಲಿ ಹಿಮ ಇನ್ನೂ ಗಟ್ಟಿಯಾಗಿರುವುದಿಲ್ಲ, ಆದರೆ ಬಾರ್ಜ್ ಓಡಿಸಲೂ ಆಗುವುದಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಮೇಲೆ ಬಿಳಿ ಹಾಸು ಕಾಣುತ್ತದೆ, ಕೆಳಗೆ ಅದು ಕರಗುತ್ತಿರುತ್ತದೆ. ಆ ವಾರಗಳಲ್ಲಿ ಮಗುವಿಗೆ ಜ್ವರ ಬಂದರೆ, ಯಾರಿಗಾದರೂ ಎದೆನೋವು ಬಂದರೆ, ಮನೆಯಲ್ಲಿ ಹಾಲಿನ ಪುಡಿ ಮುಗಿದರೆ? ಆ ತೆಳು ಹಿಮದ ಮೇಲೇ ನಡೆದು ಹೋಗುವುದು. ಹಾಗೆ ಹೋಗಿ ಹಿಮ ಒಡೆದು ಮುಳುಗಿ ಸತ್ತವರು ಊರಲ್ಲಿ ಹಲವರಿದ್ದಾರೆ. ಶರಾವತಿ ಹಿನ್ನೀರಿನ ತುಮರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಸೇತುವೆ ಬರುವವರೆಗೆ ಲಾಂಚ್ ನಿಂತರೆ ಊರೇ ನಿಂತ ಹಾಗಿತ್ತು ಎನ್ನುವುದು ಅವರಿಗೆ ಗೊತ್ತು.

ಇನ್ನು ಆಗಿನ ನೀರಿನ ಕಥೆ. ನೀಲಿ ಬಣ್ಣದ ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳು, ನಮ್ಮ ಆಫೀಸುಗಳಲ್ಲಿ ತಲೆಕೆಳಗು ಮಾಡಿ ಇಡುತ್ತಾರಲ್ಲ, ಅಂಥವು. ಲಾರಿಯಲ್ಲಿ ಬಂದು, ಬಾರ್ಜ್ ದಾಟಿ, ಮನೆಮನೆಗೆ ಹೋಗಬೇಕು. ತುಂಬಿದ ಒಂದು ಕ್ಯಾನು ಸುಮಾರು 20 ಕಿಲೋ. ವಯಸ್ಸಾದವರು ಅದನ್ನು ಎತ್ತಲಾರರು. ಕುಡಿಯಲು, ಅಡುಗೆಗೆ, ಮಗುವಿನ ಹಾಲು ಕಲಸಲು, ಹಲ್ಲುಜ್ಜಲು ಆ ನೀರೇ. ಅಡುಗೆಮನೆಯಲ್ಲಿ ನಲ್ಲಿ ಇದೆ, ತಿರುಗಿಸಿದರೆ ನೀರೂ ಬರುತ್ತದೆ. ಆದರೆ ಸಣ್ಣ ಮಕ್ಕಳಿಗೆ ಮೊದಲು ಕಲಿಸುವ ಪಾಠ, ಅದನ್ನು ಕುಡಿಯಬೇಡ. ಖಾಲಿ ಕ್ಯಾನು, ಮನೆಯ ಕಸ ಎಲ್ಲವನ್ನೂ ಹೊರಗೆ ಸಾಗಿಸಲು ದಾರಿ ಇಲ್ಲದೆ ಅದೂ ಊರಲ್ಲೇ ಬೀಳುತ್ತಿತ್ತು.

ಟ್ರಾನ್ಸ್-ಕೆನಡಾ ಹೆದ್ದಾರಿ ಇಲ್ಲಿಂದ ಬಹಳ ದೂರವೇನಿಲ್ಲ. ಬೇಕಿದ್ದದ್ದು 24 ಕಿ.ಮೀ. ರಸ್ತೆ. ನಗರಕ್ಕೆ ನೀರು ಬೇಕಾದಾಗ ಅದೇ ಜೌಗಿನಲ್ಲಿ ನೂರಕ್ಕೂ ಜಾಸ್ತಿ ಕಿ.ಮೀ. ರೈಲು ಹಾಕಿದ್ದರು, ನೆನಪಿದೆ ಅಲ್ವಾ? ಈ 24 ಕಿ.ಮೀ.ಗೆ ನೂರು ವರ್ಷ ಹಿಡಿಯಿತು.

ಎತ್ತು ಏರಿಗೆ, ಕೋಣ ನೀರಿಗೆ

ನೀರು ಶುದ್ಧ ಮಾಡುವ ಘಟಕ ಕಟ್ಟಬೇಕೆಂಬ ಮಾತು ಎದ್ದಾಗಲೆಲ್ಲ ಖರ್ಚಿನ ಲೆಕ್ಕ ಬರುತ್ತಿತ್ತು. ಸುಮಾರು 2011ರ ಹೊತ್ತಿಗೆ ಕೈಗೆ ಬಂದ ಯೋಜನೆಯೂ ಬಾಯಿಗೆ ಬರಲಿಲ್ಲ. ರಸ್ತೆ ಇಲ್ಲ, ಸಾಮಾನು ಸಾಗಿಸುವ ಖರ್ಚು ವಿಪರೀತ, ಇಷ್ಟು ಕಡಿಮೆ ಜನಕ್ಕೆ ಇಷ್ಟು ದುಡ್ಡು ಹಾಕಲಾಗದು ಎಂಬುದು ವಾದ. ರಸ್ತೆ ಯಾಕಿಲ್ಲ? ಊರು ದ್ವೀಪ. ದ್ವೀಪ ಯಾಕಾಯಿತು? ನಗರದ ನೀರಿಗಾಗಿ. ಮಾಡಿದ ಗಾಯವನ್ನೇ ತೋರಿಸಿ ಮದ್ದು ಇಲ್ಲ ಅಂದ ಹಾಗಿದೆ.

ಜವಾಬ್ದಾರಿ ಯಾರದ್ದು ಅಂತ ಹುಡುಕಿದರೆ ತಲೆ ತಿರುಗುತ್ತದೆ. ಕೆನಡಾದಲ್ಲಿ ಕುಡಿಯುವ ನೀರಿನ ಗುಣಮಟ್ಟಕ್ಕೆ ಕಾನೂನು ಮಾಡುವುದು ಪ್ರಾಂತ್ಯಗಳು. ಮೀಸಲು ಊರುಗಳು ಒಟ್ಟಾವದ ಒಕ್ಕೂಟ ಸರ್ಕಾರದ ಕೆಳಗೆ. ಹಾಗಾಗಿ ಪ್ರಾಂತ್ಯದ ಕಾನೂನು ಮೀಸಲಿನ ಗಡಿಗೆ ಬಂದು ನಿಂತುಬಿಡುತ್ತದೆ. 2000ರಲ್ಲಿ ಒಂಟಾರಿಯೊದ ವಾಕರ್ಟನ್ ಎಂಬ ಪಟ್ಟಣದಲ್ಲಿ ನೀರಿಗೆ ಕೆಟ್ಟ ಬ್ಯಾಕ್ಟೀರಿಯಾ ಸೇರಿ 7 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಇಡೀ ದೇಶ ಬೆಚ್ಚಿತು. ವಿಚಾರಣಾ ಆಯೋಗ ಕೂತಿತು. 2002ರಲ್ಲಿ ಒಂಟಾರಿಯೊ ಬಿಗಿಯಾದ ನೀರಿನ ಕಾನೂನು ತಂದಿತು. ಅದೇ ಪ್ರಾಂತ್ಯದ ಮೀಸಲು ಊರುಗಳಿಗೆ ಆ ರಕ್ಷಣೆ ಇರಲಿಲ್ಲ.

ದುಡ್ಡಿನ ಲೆಕ್ಕವೂ ಹೀಗೇ. ನೀರಿನ ಘಟಕ ನಡೆಸುವ ಖರ್ಚಿನಲ್ಲಿ ಒಟ್ಟಾವ ತನ್ನದೇ ಸೂತ್ರ ಹಾಕಿ ಶೇ. 80ರಷ್ಟನ್ನು ಕೊಡುತ್ತಿತ್ತು. ಉಳಿದದ್ದನ್ನು ಊರೇ ಹೊಂದಿಸಬೇಕು. ದುಡಿಮೆಗೆ ದಾರಿಯೇ ಇಲ್ಲದ ದ್ವೀಪದಲ್ಲಿ ಎಲ್ಲಿಂದ ಹೊಂದಿಸುವುದು? ನೀರಿನ ಘಟಕ ನೋಡಿಕೊಳ್ಳುವ ಕೆಲಸಗಾರರಿಗೆ ಪಟ್ಟಣದಷ್ಟು ಸಂಬಳ ಕೊಡಲಾಗದೆ, ಕಲಿತವರು ಬೇರೆ ಕಡೆ ಹೋಗುತ್ತಿದ್ದರು. 1996ರಿಂದ ಲಿಬರಲ್ ಸರ್ಕಾರ ಮೂಲನಿವಾಸಿ ಊರುಗಳ ಅನುದಾನ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಬಾರದು ಅಂತ ಕಟ್ಟು ಹಾಕಿತ್ತು. ಜನಸಂಖ್ಯೆ ಅದಕ್ಕಿಂತ ಬೇಗ ಬೆಳೆಯುತ್ತಿತ್ತು. ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರವೂ ಆ ಕಟ್ಟು ಬಿಚ್ಚಲಿಲ್ಲ. 2013ರಲ್ಲಿ ಅದೇ ಸರ್ಕಾರ ಮೂಲನಿವಾಸಿಗಳ ನೀರಿಗೆಂದು ಕಾನೂನು ತಂದಿತು, ಜೊತೆಗೆ ದುಡ್ಡು ಕೊಡಲಿಲ್ಲ. ಊರುಗಳ ಮುಖಂಡರು ಅದನ್ನು ಒಪ್ಪಲಿಲ್ಲ. 2022ರಲ್ಲಿ ಅದನ್ನು ರದ್ದು ಮಾಡಿದರು.

ನಗರದವರೂ ಸುಮ್ನೆ ಇರಲಿಲ್ಲ. ತಮ್ಮ ನೀರು ಕೆಡಬಾರದೆಂಬ ಎಚ್ಚರ ಅವರಿಗಿತ್ತು. 1989ರಲ್ಲಿ ವಿನಿಪೆಗ್, ಮ್ಯಾನಿಟೋಬಾ ಸರ್ಕಾರ ಮತ್ತು ಊರಿನ ನಡುವೆ 60 ವರ್ಷದ ಒಪ್ಪಂದ ಆಯಿತು. ಸರೋವರದ ನೀರಿಗೆ ಅಪಾಯ ತರುವಂಥ ಬೆಳವಣಿಗೆಗೆ ಊರು ಕಡಿವಾಣ ಹಾಕಿಕೊಳ್ಳಬೇಕು. ಬದಲಿಗೆ 60 ಲಕ್ಷ ಡಾಲರಿನ ನಿಧಿ, ಅದರ ಬಡ್ಡಿ ಊರಿಗೆ. ನಗರದ ನೀರು ಶುದ್ಧವಾಗಿರಲೆಂದು ಊರು ತನ್ನ ಬೆಳವಣಿಗೆಯನ್ನೇ ಕಟ್ಟಿಹಾಕಿಕೊಂಡಿತು. ಎಂಟು ವರ್ಷದ ನಂತರ ಆ ಊರಿನದೇ ನೀರು ಕುಡಿಯಲು ಯೋಗ್ಯವಲ್ಲ ಎಂಬ ಸೂಚನೆ ಬಂತು. 2009ರಲ್ಲಿ ವಿನಿಪೆಗ್ ಸುಮಾರು 30 ಕೋಟಿ ಡಾಲರ್ ಹಾಕಿ ತನಗೆ ಹೊಸ ಶುದ್ಧೀಕರಣ ಘಟಕ ಕಟ್ಟಿಕೊಂಡಿತು. ಆಗಲೂ ಕೊಳವೆಯ ಆ ತುದಿಯಲ್ಲಿ ಕ್ಯಾನುಗಳು ಬಾರ್ಜ್ ದಾಟುತ್ತಿದ್ದವು.

ಎರಡು ಮ್ಯೂಸಿಯಂ

2014ರ ಸೆಪ್ಟೆಂಬರ್‌ನಲ್ಲಿ ವಿನಿಪೆಗ್‌ನಲ್ಲಿ ಕೆನಡಾದ ಮಾನವ ಹಕ್ಕುಗಳ ಮ್ಯೂಸಿಯಂ ತೆರೆಯಿತು. 35 ಕೋಟಿ ಡಾಲರಿನ ಗಾಜಿನ ಕಟ್ಟಡ. ಒಳಗೆ ಮನಸ್ಸು ಶಾಂತವಾಗಲೆಂದು ಮಾಡಿದ ನೀರಿನ ಕೊಳಗಳು. ಆ ಕೊಳಗಳಲ್ಲಿದ್ದದ್ದೂ ಶೋಲ್ ಲೇಕ್ ನೀರೇ.

ಊರಿನವರು ಅದೇ ಹೊತ್ತಿಗೆ ತಮ್ಮದೊಂದು ಮ್ಯೂಸಿಯಂ ತೆರೆದರು. ಅದಕ್ಕೆ ಕೆನಡಾದ ಮಾನವ ಹಕ್ಕು ಉಲ್ಲಂಘನೆಗಳ ಮ್ಯೂಸಿಯಂ ಎಂದು ಹೆಸರಿಟ್ಟರು. ಹೊಸ ಕಟ್ಟಡವಿಲ್ಲ, ಗಾಜಿಲ್ಲ. ಇಡೀ ಊರೇ ಮ್ಯೂಸಿಯಂ. ಬನ್ನಿ, ಬಾರ್ಜ್ ಹತ್ತಿ, ಕಾಲುವೆ ನೋಡಿ, ಕ್ಯಾನುಗಳನ್ನು ನೋಡಿ, ಒಡ್ಡು ನೋಡಿ ಎಂದು ಕರೆದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುವು ಇದೇ. ಊರಿನ ಮುಖಂಡ ಅರ್ವಿನ್ ರೆಡ್‌ಸ್ಕೈ ಮತ್ತು ಅವರ ಜೊತೆಯವರು ಬರೀ ಅರ್ಜಿ ಬರೆದು ಕೂರಲಿಲ್ಲ, ಬೈದು ದೂರ ತಳ್ಳಲೂ ಇಲ್ಲ. ನಗರದವರನ್ನು ಕೊಳವೆಯ ಆ ತುದಿಗೆ ಕರೆತಂದು ನಿಲ್ಲಿಸಿದರು. ನಿಂತು ನೋಡಿದವನಿಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿದಾಗ ಏನೋ ಚುಚ್ಚುತ್ತದೆ.

ಚುಚ್ಚಿತು. ನಗರದಲ್ಲಿ ಚರ್ಚುಗಳು, ವಿದ್ಯಾರ್ಥಿಗಳು, ಸಾಮಾನ್ಯ ಮನೆಯವರು ರಸ್ತೆಗಾಗಿ ದನಿ ಎತ್ತಿದರು. 2015ರ ಜನವರಿಯಲ್ಲಿ ಮಕ್ಲೀನ್ಸ್ ಪತ್ರಿಕೆ ವಿನಿಪೆಗ್ಗನ್ನು ಕೆನಡಾದಲ್ಲೇ ಅತಿ ಹೆಚ್ಚು ಜನಾಂಗ ದ್ವೇಷ ಇರುವ ನಗರ ಎಂದು ಬರೆದಾಗ ಮೇಯರ್ ಬ್ರಯನ್ ಬೋಮನ್ ಅದನ್ನು ತಳ್ಳಿಹಾಕಲಿಲ್ಲ. ಜನ ಇಂಟರ್ನೆಟ್‌ನಲ್ಲಿ ಚಂದಾ ಎತ್ತಿ ಒಂದು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ರಸ್ತೆ ಕಟ್ಟಲು ಅದು ಯಾವ ಮೂಲೆಗೂ ಸಾಲದು. ಆದರೆ ಆ ದುಡ್ಡು ಸರ್ಕಾರದ ಮುಂದೆ ಹಿಡಿದ ಕನ್ನಡಿಯಾಗಿತ್ತು.

2015ರ ಜೂನ್‌ನಲ್ಲಿ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ಇಟ್ಟಿದ್ದ ವಸತಿ ಶಾಲೆಗಳ ದೌರ್ಜನ್ಯದ ಬಗ್ಗೆ ಸತ್ಯ ಮತ್ತು ಸಾಮರಸ್ಯ ಆಯೋಗ ತನ್ನ 94 ಶಿಫಾರಸುಗಳನ್ನು ಕೊಟ್ಟಿತು. ಅದೇ ತಿಂಗಳು ಒಟ್ಟಾವದ ಸಚಿವರೊಬ್ಬರು ಊರಿಗೆ ಬಂದರು. ಜನ ಕಾದು ಕೂತಿದ್ದರು. ಬಂದವರು ರಸ್ತೆಯ ವಿನ್ಯಾಸಕ್ಕೆ ದುಡ್ಡು ಅಂದರು, ಕಟ್ಟುವ ಮಾತು ಕೊಡಲಿಲ್ಲ. ಅಲ್ಲಿದ್ದ ಹಿರಿಯರು ಅತ್ತುಬಿಟ್ಟರು. ಅಕ್ಟೋಬರ್‌ನಲ್ಲಿ ಚುನಾವಣೆ ಬಂತು. ಜಸ್ಟಿನ್ ಟ್ರೂಡೊ ಗೆದ್ದರು. ಡಿಸೆಂಬರ್‌ನಲ್ಲಿ ಒಟ್ಟಾವ, ಪ್ರಾಂತ್ಯ, ನಗರ ಮೂರೂ ಸೇರಿ ರಸ್ತೆ ಕಟ್ಟುತ್ತೇವೆ ಎಂದವು. 2016ರಲ್ಲಿ ಟ್ರೂಡೊ ಒಂದು ದಿನ ಊರಿಗೆ ಬಂದು ತಾವೂ ನೀರಿನ ಕ್ಯಾನು ಹೊತ್ತರು. ಕ್ಯಾಮೆರಾ ಇತ್ತು, ನಿಜ. ಆದರೂ ಪ್ರಧಾನಿಯೊಬ್ಬರು ಆ ಭಾರ ಎಷ್ಟು ಅಂತ ಕೈಯಲ್ಲಿ ಹಿಡಿದು ನೋಡಿದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ.

ರಸ್ತೆ ಬಂತು, ನೀರೂ ಬಂತು

ಊರಿನವರು ಅದಕ್ಕೆ ಫ್ರೀಡಂ ರೋಡ್ ಎಂದು ಹೆಸರಿಟ್ಟರು. ಸ್ವಾತಂತ್ರ್ಯದ ರಸ್ತೆ. 2019ರ ಜೂನ್‌ನಲ್ಲಿ ತೆರೆಯಿತು. ಜಲ್ಲಿ ಹಾಸಿದ 24 ಕಿ.ಮೀ. ದಾರಿ. ನಗರಕ್ಕೆ ನೀರು ಹೋಗಲು ಶುರುವಾಗಿ ಸರಿಯಾಗಿ ನೂರು ವರ್ಷ ಆಗಿತ್ತು.

ರಸ್ತೆ ಬಂದಮೇಲೆ ಉಳಿದದ್ದು ಎಷ್ಟು ಬೇಗ ಆಯಿತು ನೋಡಿ. ಸಾಮಾನು ಸಾಗಿಸುವುದು ಸಲೀಸಾಯಿತು. 3 ಕೋಟಿ ಡಾಲರಿಗೂ ಜಾಸ್ತಿ ಖರ್ಚಿನಲ್ಲಿ ನೀರು ಶುದ್ಧೀಕರಣ ಘಟಕ ಎದ್ದಿತು. 2021ರ ಸೆಪ್ಟೆಂಬರ್‌ನಲ್ಲಿ ಕುದಿಸಿ ಕುಡಿಯುವ ಸೂಚನೆಯನ್ನು ತೆಗೆದರು. ರಸ್ತೆ ತೆರೆದು ಎರಡು ವರ್ಷ, ಮೂರು ತಿಂಗಳು! 24 ವರ್ಷ ಆಗದು ಎಂದ ಕೆಲಸ ಅದು.

ಇದನ್ನು ಉಪಕಾರ ಅಂತ ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ. ಇದು ಬಾಕಿ ತೀರಿಸಿದ್ದು. ಅದೂ ಅಸಲಿನ ಒಂದು ಭಾಗ ಮಾತ್ರ. ತೆಳು ಹಿಮದಲ್ಲಿ ಹೋದ ಜೀವಗಳು, ಊರು ಬಿಟ್ಟು ನಗರ ಸೇರಿದ ಕುಟುಂಬಗಳು, ನೆಲ, ಶ್ಮಶಾನ, ಇವಕ್ಕೆಲ್ಲ ಯಾವ ಖಾತೆಯಲ್ಲೂ ಲೆಕ್ಕ ಇಟ್ಟಿಲ್ಲ.

ಕಾನೂನಿನ ಹೊಣೆ ಇದೆಯೇ, ಇಲ್ಲವೇ?

ಟ್ರೂಡೊ 2015ರಲ್ಲಿ ಇನ್ನೂ ದೊಡ್ಡ ಮಾತು ಕೊಟ್ಟಿದ್ದರು. ದೇಶದ ಮೀಸಲು ಊರುಗಳಲ್ಲಿ ದೀರ್ಘಕಾಲದಿಂದ ಇರುವ ಎಲ್ಲ ನೀರಿನ ಎಚ್ಚರಿಕೆಗಳನ್ನೂ 2021ರ ಮಾರ್ಚ್ ಒಳಗೆ ತೆಗೆಯುತ್ತೇವೆ ಎಂದು. ನೂರಕ್ಕೂ ಹೆಚ್ಚು ಎಚ್ಚರಿಕೆಗಳು ತೆರವಾದವು. ಇದು ಸಣ್ಣ ಕೆಲಸವಲ್ಲ, ಅದನ್ನು ಒಪ್ಪಲೇಬೇಕು. ಆದರೆ ಗಡುವು ದಾಟಿತು, ಹಲವು ಊರುಗಳು ಉಳಿದವು. ಕರ್ವ್ ಲೇಕ್, ನೆಸ್ಕಾಂಟಾಗ, ಟಟಾಸ್ಕ್ವೇಯಕ್ ಎಂಬ ಮೂರು ಊರಿನವರು ಕೋರ್ಟಿಗೆ ಹೋದರು. 2021ರಲ್ಲಿ ಸರ್ಕಾರ ಸುಮಾರು 800 ಕೋಟಿ ಡಾಲರಿನ ರಾಜಿಗೆ ಬಂತು. ಅದರಲ್ಲಿ 150 ಕೋಟಿ ಜನರಿಗೆ ಪರಿಹಾರ, ಕನಿಷ್ಠ 600 ಕೋಟಿ ನೀರಿನ ವ್ಯವಸ್ಥೆಗೆ.

ಇಷ್ಟೆಲ್ಲ ಆದಮೇಲೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. 2024ರಲ್ಲಿ ಮ್ಯಾನಿಟೋಬಾದ ಶಮಟ್ಟಾವ ಎಂಬ ಊರು ಹೂಡಿದ ಇನ್ನೊಂದು ದಾವೆಯಲ್ಲಿ ಸರ್ಕಾರದ ವಕೀಲರು ಕೋರ್ಟಿನಲ್ಲಿ ನಿಂತು ವಾದಿಸಿದರು. ಮೂಲನಿವಾಸಿ ಊರುಗಳಿಗೆ ಶುದ್ಧ ನೀರು ಕೊಡುವ ಕಾನೂನುಬದ್ಧ ಹೊಣೆ ಸರ್ಕಾರದ ಮೇಲಿಲ್ಲ ಎಂಬುದು ಅವರ ವಾದದ ತಿರುಳು. ಕೊಡುವುದು ಸರ್ಕಾರದ ನೀತಿ, ಹಕ್ಕಿನ ಮಾತಲ್ಲ ಅಂತ. ಇಂದು ಒಳ್ಳೆಯ ಸರ್ಕಾರ ಇದ್ದರೆ ನೀರು, ನಾಳೆ ಬೇರೆ ಸರ್ಕಾರ ಬಂದರೆ ಅದರ ಮರ್ಜಿ. ಹೀಗಾಗಬಾರದೆಂದೇ 2023ರ ಡಿಸೆಂಬರ್‌ನಲ್ಲಿ ಸಿ-61 ಎಂಬ ಮಸೂದೆ ಮಂಡನೆಯಾಗಿತ್ತು. 2025ರ ಜನವರಿಯಲ್ಲಿ ಸಂಸತ್ತಿನ ಅಧಿವೇಶನ ಮೊಟಕಾದಾಗ ಅದು ಅಲ್ಲಿಗೇ ಸತ್ತಿತು.

ಆ ಮೂರು ಊರುಗಳಲ್ಲಿ ಒಂದಾದ ನೆಸ್ಕಾಂಟಾಗ ಉತ್ತರ ಒಂಟಾರಿಯೊದಲ್ಲಿದೆ. ಅಲ್ಲಿ ಕುದಿಸಿ ಕುಡಿಯುವ ಸೂಚನೆ 1995ರ ಫೆಬ್ರವರಿಯಲ್ಲಿ ಶುರುವಾಯಿತು. 2020ರ ಅಕ್ಟೋಬರ್‌ನಲ್ಲಿ ನೀರಿನ ತೊಟ್ಟಿಯಲ್ಲಿ ಎಣ್ಣೆಯಂಥ ಪೊರೆ ಕಂಡು ಇಡೀ ಊರನ್ನೇ ವಿಮಾನದಲ್ಲಿ ಥಂಡರ್ ಬೇ ನಗರಕ್ಕೆ ಸಾಗಿಸಬೇಕಾಯಿತು. ಎರಡು ತಿಂಗಳು ಹೋಟೆಲ್ ಕೋಣೆಗಳಲ್ಲಿ ಕಳೆದರು. 2025ರಲ್ಲೂ ಆ ಸೂಚನೆ ತೆರವಾಗಿರಲಿಲ್ಲ. ಆ ಊರಿಗೆ ವರ್ಷವಿಡೀ ಓಡಾಡುವ ರಸ್ತೆ ಇಲ್ಲ. ಹತ್ತಿರದಲ್ಲೇ ರಿಂಗ್ ಆಫ್ ಫೈರ್ ಎಂಬ ಖನಿಜ ಪ್ರದೇಶವಿದೆ. ಗಣಿಗಾಗಿ ಅಲ್ಲಿಗೆ ರಸ್ತೆ ಕಟ್ಟಬೇಕೆಂದು ಒಂಟಾರಿಯೊ ಸರ್ಕಾರ ವರ್ಷಗಳಿಂದ ಓಡಾಡುತ್ತಿದೆ. 2025ರಲ್ಲಿ ಇಂಥ ಕಾಮಗಾರಿಗಳಿಗೆ ಬೇಗ ಒಪ್ಪಿಗೆ ಸಿಗಲೆಂದು ಪ್ರಾಂತ್ಯವೂ ಒಟ್ಟಾವವೂ ಒಂದೊಂದು ಕಾನೂನು ಮಾಡಿದವು. ನಮ್ಮನ್ನು ಕೇಳದೆ ಕಟ್ಟಬೇಡಿ ಎಂದು ನೆಸ್ಕಾಂಟಾಗದವರು ಹೇಳುತ್ತಲೇ ಇದ್ದಾರೆ. ಅವರ ಕುಡಿಯುವ ನೀರು ಬಾಟಲಿಗಳಲ್ಲಿ, ವಿಮಾನದಲ್ಲಿ ಬರುತ್ತದೆ.